ದೊಡ್ಡವ್ವನ ವಯಸ್ಸು

"ನಿನ್ನಿಂದ ಆಗದ ಮಾತು" ಎಂದವರು ನಮ್ಮ ಅಂಗರಚನಾ ವಿಭಾಗದ ಮುಖ್ಯಸ್ಥರು. ಡಿಸೆಕ್ಷನ್ ಹಾಲಿನ ಬಾಗಿಲಲ್ಲಿ ನಿಂತು, ಕೈಗವಸು ಬಿಚ್ಚುತ್ತಾ, ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಕೇಳಿಸುವ ಹಾಗೆ ಹೇಳಿದರು. "ನೋಡಮ್ಮ, ನೀನು ಡಾಕ್ಟರ್ ಅಲ್ಲ, ಎಂ.ಎಸ್ಸಿ. ಮಾಡಿ ಪಾಠಕ್ಕೆ ಬಂದವಳು. ಎಲುಬು ಚೆನ್ನಾಗಿ ಕಲಿಸ್ತೀಯ, ಕಲಿಸ್ಕೊಂಡಿರು. ಹಗರಿಬೊಮ್ಮನಹಳ್ಳಿ ಕಡೆ ಹೆಂಗಸರು ಸೂಜಿ ಕಂಡ್ರೆ ಹೊಲಕ್ಕೆ ಓಡ್ತಾರೆ. ಅವರ ರಕ್ತ ತಂದು ಎಪಿಜೆನೆಟಿಕ್ಸ್ ಮಾಡ್ತೀಯಾ?"

ನಾನು ಆ ಕಡೆಯವಳೇ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಜೀವ ನಾನು. ಕೊಟ್ಟೂರಿನ ಹಾಸ್ಟೆಲಿನ ನೀರು ಸಾರು ಉಂಡು ಡಿಗ್ರಿ ಪಡೆದವಳು. ಆ ಹೆಮ್ಮೆಯನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ಬೇರೆ ಒಂದಿದೆ. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ಹಿಡಿದ ಕೆಲಸವನ್ನು ಮೊದಲು ಹೇಳಬೇಕು. ನಮ್ಮ ಜೀವಕೋಶದ ಡಿಎನ್‌ಎ ಹುಟ್ಟಿನಿಂದ ಸಾಯುವವರೆಗೆ ಹೆಚ್ಚುಕಡಿಮೆ ಅದೇ ಇರುತ್ತದೆ. ಆದರೆ ಅದರ ಮೇಲೆ ಮೀಥೈಲ್ ಎಂಬ ಸಣ್ಣ ಗುರುತುಗಳು ಕೂಡುತ್ತವೆ, ಕಳಚುತ್ತವೆ. ಕೆಲವು ಜಾಗಗಳಲ್ಲಿ ಈ ಗುರುತು ವಯಸ್ಸಿನ ಜೊತೆಗೇ ಏರುತ್ತಾ ಹೋಗುತ್ತದೆ. ಅದನ್ನು ಅಳೆದರೆ ಈ ದೇಹಕ್ಕೆ ಇಷ್ಟು ವಯಸ್ಸು ಎಂದು ಹತ್ತಿರ ಹತ್ತಿರ ಹೇಳಬಹುದು. ಆ ಲೆಕ್ಕ ನಿಜವಾದ ವಯಸ್ಸಿಗಿಂತ ಮುಂದೆ ಓಡಿದ್ದರೆ ದೇಹ ಬೇಗ ಸವೆದಿದೆ ಎಂದು ಅರ್ಥ. ಜೀವನವಿಡೀ ಕಳೆ ತೆಗೆದು, ಕಲ್ಲು ಹೊತ್ತ ಹೆಂಗಸರ ದೇಹ, ಸಂಬಳದ ಕೆಲಸದಲ್ಲಿರುವ ಹೆಂಗಸರ ದೇಹಕ್ಕಿಂತ ಬೇಗ ಮುದಿಯಾಗುತ್ತದೆಯೇ? ಇದು ನನ್ನ ಪಿಎಚ್.ಡಿ. ಪ್ರಶ್ನೆ. ಒಂದು ಗುಂಪು ತಂಬ್ರಹಳ್ಳಿ, ಬಾಗಳಿ ಮತ್ತು ಕೂಡ್ಲಿಗಿ ಸುತ್ತಲ ಕೂಲಿ ಹೆಂಗಸರದು. ಇನ್ನೊಂದು ಕೊಟ್ಟೂರು, ಹರಪನಹಳ್ಳಿಯ ಟೀಚರುಗಳದು, ನರ್ಸುಗಳದು.

ಮುಖ್ಯಸ್ಥರ ಮಾತು ಮೊದಲ ದಿನ ನಿಜವೇ ಆಯಿತು. ತಂಬ್ರಹಳ್ಳಿಯ ಶಾಲೆಯ ಜಗುಲಿಯಲ್ಲಿ ಟೇಬಲ್ ಹಾಕಿ, ನೇರಳೆ ಮುಚ್ಚಳದ ನಳಿಕೆಗಳನ್ನು ಜೋಡಿಸಿ, ಐಸ್ ಡಬ್ಬಿ ಪಕ್ಕಕ್ಕಿಟ್ಟು ಕೂತೆವು. ನಾವು ಎಂದರೆ ನಾನು ಮತ್ತು ನನ್ನ ಟೆಕ್ನಿಷಿಯನ್. ಅವನು ಹಗರಿಬೊಮ್ಮನಹಳ್ಳಿಯ ಹುಡುಗ, ಮನೆಯವರದೆಲ್ಲ ಮೋಟಾರು ರಿಪೇರಿ ಕಸುಬು, ಇವನೊಬ್ಬ ಲ್ಯಾಬ್ ಕೋರ್ಸ್ ಮಾಡಿದವನು. ಎಂಥ ಒಣಗಿದ ಕೈಯಲ್ಲೂ ಒಂದೇ ಚುಚ್ಚಿಗೆ ರಕ್ತನಾಳ ಹಿಡಿಯುತ್ತಿದ್ದ. ಬೆಳಗಿನಿಂದ ಒಬ್ಬರೂ ಬರಲಿಲ್ಲ. ದೂರದಲ್ಲಿ ನಿಂತು ನೋಡಿದರು, ಹೋದರು.

ಮಧ್ಯಾಹ್ನ ನಮ್ಮ ದೊಡ್ಡವ್ವ ಬಂದಳು. ನನ್ನ ಅವ್ವನ ಅಕ್ಕ. ಅದೇ ಊರಿಗೆ ಕೊಟ್ಟ ಹೆಣ್ಣು. ಹಿಂದೆ ಹತ್ತಾರು ಹೆಂಗಸರನ್ನು ಹೊರಡಿಸಿಕೊಂಡೇ ಬಂದಿದ್ದಳು.

"ಏನವಾ, ನಮ್ಮ ರಕ್ತ ಒಯ್ದು ಮಾರ್ತೀಯಂತಲ್ಲ?" ಎಂದು ಒಬ್ಬಾಕೆ ಕೇಳಿದಳು.

ಉತ್ತರ ಕೊಟ್ಟದ್ದು ದೊಡ್ಡವ್ವ. "ನಿನ್ನ ರಕ್ತ ಯಾರು ಕೊಳ್ತಾರಲೇ? ಬರೇ ಎಲಿ ಅಡಕಿ ವಾಸ್ನಿ. ಸರಿ ಅತ್ತಾಗ." ಸೀರೆಯ ಸೆರಗು ಮೇಲೆತ್ತಿ ಕೈ ಚಾಚಿದಳು. "ಮೊದ್ಲು ನಂದು ತಗೀರಿ. ನಾ ಸತ್ರ ಇವ್ರು ಓಡ್ಲಿ."

ಟೆಕ್ನಿಷಿಯನ್ ರಕ್ತ ತೆಗೆದ. ದೊಡ್ಡವ್ವ ಸಾಯಲಿಲ್ಲ. ಸಾಲು ನಿಂತಿತು.

ಫಾರಂ ತುಂಬುವಾಗ ಅವನು ದೊಡ್ಡವ್ವನ ಗುರುತಿನ ಕಾರ್ಡು ನೋಡಿ, ಅವಳ ಮುಖ ನೋಡಿ, ನನ್ನ ಕಡೆ ತಿರುಗಿದ. "ಮೇಡಂ, ಐವತ್ತೊಂದು ಅಂತ ಐತ್ರಿ."

ದೊಡ್ಡವ್ವ ನಕ್ಕಳು. "ಐವತ್ತೊಂದಾ! ಇವ್ರವ್ವಗಿಂತ ಸಣ್ಣಾಕಿ ಆದ್ನೇನು ನಾನು? ಆಕಿನ್ನ ಟೊಂಕದ ಮ್ಯಾಲೆ ಹೊತ್ತು ಆಡ್ಸೀನಪ. ಆ ಕಾರ್ಡು ಬರೆದಾಂವ ಕಣ್ಣು ಮುಚ್ಕೊಂಡು ಬರ್ದಾನ."

ಹೆಂಗಸರೆಲ್ಲ ನಕ್ಕರು. ಅವನು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದ.

"ಕಾರ್ಡಿನಾಗ ಇದ್ದಂಗ ಬರಿ" ಎಂದೆ.

"ಎಲ್ಲಾರದೂ ಹಂಗಾರಿ?"

"ಎಲ್ಲಾರದೂ."

"ಆತ್ರಿ. ಕಾರ್ಡು ಸರ್ಕಾರದ್ದು, ರಕ್ತ ಅವ್ರದು, ಬರಿಯಾ ಕೈ ಅಷ್ಟಾ ನಂದು" ಎಂದು ಬರೆದ.

ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ. ನಮ್ಮ ಮನೆಯ ಕಾರ್ಡಿನ ಪ್ರಕಾರ ಅವ್ವ ನನಗಿಂತ ಹದಿಮೂರು ವರ್ಷಕ್ಕೆ ಮಾತ್ರ ದೊಡ್ಡವಳು. ಹಾಸ್ಟೆಲಿನಲ್ಲಿ ಇದನ್ನು ಹೇಳಿ ಗೆಳತಿಯರನ್ನು ನಗಿಸಿದ್ದೇನೆ. ಎಂದೋ ಒಬ್ಬರು ರೇಷನ್ ಕಾರ್ಡಿಗೆಂದು ಮನೆಮನೆಗೆ ಬಂದಾಗ ಹೆಂಗಸರು ಹೊಲದಲ್ಲಿದ್ದರು. ಬಾಗಿಲಲ್ಲಿದ್ದ ಗಂಡಸರು "ಒಂದು ಮೂವತ್ತು ಬರ್ಕೊಳ್ರಿ" ಎಂದರು. ಹತ್ತು ಹದಿನೈದು ವರ್ಷದ ಮೇಲೆ ಹೊಸ ಕಾರ್ಡು ಬಂದಾಗ ಹಳೆಯದನ್ನು ನೋಡಿ ಅದೇ ಮೂವತ್ತನ್ನು ಇಳಿಸಿಕೊಂಡರು. ಆಮೇಲೆ ಬಂದ ಕಾರ್ಡುಗಳೆಲ್ಲ ಅಲ್ಲಿಂದಲೇ ಲೆಕ್ಕ ಹಿಡಿದವು. ನಮ್ಮ ಹೆಂಗಸರು ಕಾಗದದಲ್ಲಿ ಹದಿನೈದು ವರ್ಷ ಬೆಳೆಯಲೇ ಇಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತಿರುವ ಸಂಗತಿ.

ನನ್ನ ಪಿಎಚ್.ಡಿ. ಮಾರ್ಗದರ್ಶಕಿಗೆ ಗೊತ್ತಿರಲಿಲ್ಲ. ಅವರು ದೊಡ್ಡ ಊರಿನವರು, ಒಳ್ಳೆಯವರು. ತಮ್ಮ ಅಜ್ಜಿಯ ಜಾತಕದಲ್ಲಿ ಹುಟ್ಟಿದ ಗಳಿಗೆ ಕೂಡ ಬರೆದಿದೆ ಎಂದು ಒಮ್ಮೆ ಚಹಾ ಕುಡಿಯುವಾಗ ಹೇಳಿದ್ದರು. ಅವರ ಕೊಠಡಿಯಲ್ಲಿ ಕೂತು, ನಮ್ಮವ್ವನಿಗೆ ತಾನು ಹುಟ್ಟಿದ ವರ್ಷ ಗೊತ್ತಿಲ್ಲ, ನಮ್ಮ ಹೆಂಗಸರ ಕಾರ್ಡುಗಳೆಲ್ಲ ಸುಳ್ಳು ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. "ವಯಸ್ಸನ್ನು ಸರ್ಕಾರಿ ದಾಖಲೆಯಿಂದ ಪಡೆಯಲಾಗಿದೆ" ಎಂದು ಬರೆದೆ. ಎಷ್ಟು ತೊಳೆದಿಟ್ಟ ವಾಕ್ಯ!

ಮುಂದಿನ ಎರಡು ವರ್ಷ ನಾನು ಕಷ್ಟಪಟ್ಟದ್ದರಲ್ಲಿ ಸುಳ್ಳಿಲ್ಲ. ವಾರದ ಐದು ದಿನ ಮೊದಲ ವರ್ಷದವರಿಗೆ ತೋಳು, ತೊಡೆ, ಎದೆಗೂಡು ಕಲಿಸುವುದು. ಶನಿವಾರ, ಭಾನುವಾರ ಟೆಕ್ನಿಷಿಯನ್ನನ ಬೈಕಿನ ಹಿಂದೆ ಐಸ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಡಗಲಿ ರಸ್ತೆ, ಕೂಡ್ಲಿಗಿ ರಸ್ತೆ ಸುತ್ತುವುದು. ಬೇಸಿಗೆಯಲ್ಲಿ ಒಮ್ಮೆ ಐಸು ಕರಗಿ ಒಂದು ಇಡೀ ದಿನದ ರಕ್ತ ಕೆಟ್ಟಿತು. ಮತ್ತೆ ಹೋಗಿ ಅದೇ ಕೈಗಳನ್ನು ಕೇಳಬೇಕಾಯಿತು. "ಹ್ವಾದವಾರ ಕೊಟ್ಟಿದ್ದು ಕುಡುದ್ಯೇನವಾ?" ಎಂದು ಬಾಗಳಿಯ ಅಜ್ಜಿಯೊಬ್ಬಳು ಕೇಳಿದಳು, ಕೇಳಿ ಕೈಯನ್ನೂ ಕೊಟ್ಟಳು.

ರಜೆಗಳಲ್ಲಿ ದೂರದ ಊರಿನ ಲ್ಯಾಬಿಗೆ ಹೋಗಿ ಡಿಎನ್‌ಎ ಬೇರ್ಪಡಿಸುತ್ತಿದ್ದೆ. ಅದಕ್ಕೆ ಬೈಸಲ್ಫೈಟ್ ಎಂಬ ರಾಸಾಯನಿಕ ಕೊಡಬೇಕು. ಡಿಎನ್‌ಎ ನಾಲ್ಕೇ ಅಕ್ಷರಗಳ ಬರಹವಿದ್ದ ಹಾಗೆ, ಮೀಥೈಲ್ ಗುರುತು ಇಲ್ಲದ ಅಕ್ಷರ ಅದರಿಂದ ಬೇರೆ ಅಕ್ಷರವಾಗಿ ಬದಲಾಗುತ್ತದೆ. ಗುರುತು ಇರುವುದು ಹಾಗೇ ಉಳಿಯುತ್ತದೆ. ಉಳಿದದ್ದೆಷ್ಟು, ಬದಲಾದದ್ದೆಷ್ಟು ಎಂದು ಯಂತ್ರ ಓದಿ ಹೇಳುತ್ತದೆ. ಆ ರಾಸಾಯನಿಕ ಬಹಳ ಒರಟು, ಹೆಚ್ಚು ಹೊತ್ತು ಬಿಟ್ಟರೆ ಡಿಎನ್‌ಎಯನ್ನೇ ಚೂರು ಮಾಡುತ್ತದೆ. ಮಾದರಿಗಳನ್ನು ತುಂಬಿದ ನನ್ನ ಮೊದಲ ತಟ್ಟೆ ಹಾಗೆಯೇ ಹಾಳಾಯಿತು. ಎರಡನೆಯದರಲ್ಲಿ ಅಕ್ಷರಗಳು ಅರ್ಧಂಬರ್ಧ ಬದಲಾದವು. ಮೂರನೆಯದು ಕೈಗೆ ಹತ್ತಿತು.

ಫಲಿತಾಂಶ ನೋಡಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಗ್ರಾಫಿನಲ್ಲಿ ಒಬ್ಬೊಬ್ಬರಿಗೆ ಒಂದು ಚುಕ್ಕೆ, ದಾಖಲೆಯ ವಯಸ್ಸೂ ರಕ್ತದ ವಯಸ್ಸೂ ಒಂದೇ ಇದ್ದರೆ ಅದು ಗೆರೆಯ ಮೇಲೆ. ಟೀಚರುಗಳ, ನರ್ಸುಗಳ ಚುಕ್ಕೆಗಳು ಗೆರೆಯ ಅಕ್ಕಪಕ್ಕದಲ್ಲಿದ್ದವು. ಕೂಲಿ ಹೆಂಗಸರ ಚುಕ್ಕೆಗಳು ಗೆರೆ ಬಿಟ್ಟು ಮೇಲೆ, ಗುಂಪಾಗಿ ಹಾರಿದ ಹಕ್ಕಿಗಳ ಹಾಗೆ. ಎಲ್ಲಕ್ಕಿಂತ ಮೇಲಿನ ಚುಕ್ಕೆಗೆ ಸಂಖ್ಯೆ ಮಾತ್ರ ಇತ್ತು, ಹೆಸರಿಲ್ಲ. ನನಗೆ ಹೆಸರು ಬೇಕಾಗಿರಲಿಲ್ಲ. ಅದು ತಂಬ್ರಹಳ್ಳಿಯ ಒಂದನೇ ನಳಿಕೆ.

ಮಾರ್ಗದರ್ಶಕಿ ಆ ಚುಕ್ಕೆಯ ಮೇಲೆ ಬೆರಳಿಟ್ಟರು. "ಈ ಹೆಂಗಸಿಗೆ ಐವತ್ತೊಂದು. ದೇಹಕ್ಕೆ ಅರವತ್ತೈದರ ಹತ್ತಿರ. ಎಂಥ ಸವೆತ ನೋಡಿ! ಏನು ಕೆಲಸ ಮಾಡ್ತಾರೆ?"

"ಕಳೆ ತೆಗೀತಾರೆ. ಮೊದಲು ಕಲ್ಲು ಹೊರ್ತಿದ್ರು."

"ನಿಮ್ಮ ಪ್ರಬಂಧ ಈಕೆಯಿಂದಲೇ ಶುರುವಾಗಬೇಕು."

ಅವಳು ನನ್ನ ದೊಡ್ಡವ್ವ ಎಂದು ಆಗಲೂ ಹೇಳಲಿಲ್ಲ.

ವಿಭಾಗದಲ್ಲಿ ಮಾತಾಡಿ ತೋರಿಸಿದ ದಿನ ಮುಖ್ಯಸ್ಥರು ಎಲ್ಲರ ಎದುರಿಗೆ ಎದ್ದು ನಿಂತು, "ಆಗೋದಿಲ್ಲ ಅಂದಿದ್ದೆ. ನನ್ನ ಮಾತು ನಾನೇ ವಾಪಸ್ ತಗೋತೀನಿ" ಎಂದು ಕೈ ಕುಲುಕಿದರು. ನನ್ನ ಜೀವಮಾನದಲ್ಲಿ ಅಷ್ಟು ಸಿಹಿಯಾದ ಮಾತು ಕೇಳಿರಲಿಲ್ಲ. ಮನೆಗೆ ಹೋಗಿ ಅವ್ವನಿಗೆ ಎರಡು ಸಲ ಹೇಳಿದೆ.

ಅದಾದ ತಿಂಗಳಿಗೆ ದೊಡ್ಡವ್ವ ಒಂದು ಮಡಚಿದ ಕಾಗದ ಹಿಡಿದು ಬಂದಳು. ವೃದ್ಧಾಪ್ಯ ವೇತನಕ್ಕೆ ಹಾಕಿದ ಅರ್ಜಿ ವಾಪಸ್ ಬಂದಿತ್ತು. ವಯಸ್ಸು ಸಾಲದು.

"ಮೂರನೇ ಸಲ ನೋಡವ ಇದು. ನನಗಿಂತ ಸಣ್ಣಾಕೆರು ತಗೊಳ್ಳಾಕತ್ತಾರ. ನೀ ಓದಿದಾಕಿ, ನೀ ಬಂದು ಹೇಳಿದ್ರ ಕೇಳ್ತಾರ."

ಹೋದೆ. ಕಚೇರಿಯ ಗುಮಾಸ್ತ ಕಾರ್ಡನ್ನು ಮುಂದೆ ತಳ್ಳಿದ. "ಐವತ್ತಮೂರು ಐತಲ್ರಿ ಈಗ. ಅರವತ್ತಾದ ಮ್ಯಾಲೆ ಬರ್ರಿ."

ನನಗೆ ಸಿಟ್ಟು ಬಂತು. "ಸರ್, ಕಾರ್ಡಿನ ವಯಸ್ಸು ಸುಳ್ಳು ಅಂತ ಇಡೀ ಊರಿಗೆ ಗೊತ್ತು. ಇವರು ನನ್ನ ತಾಯಿಗೆ ಅಕ್ಕ. ಕೈ ನೋಡಿ, ಹಲ್ಲು ನೋಡಿ, ಐವತ್ತಮೂರರ ದೇಹವೇನ್ರಿ ಇದು? ಒಂದು ಕಾಗದದಲ್ಲಿ ಯಾರೋ ತಪ್ಪು ಬರೆದಿದ್ದನ್ನ ಕಣ್ಣಿಗೊತ್ತಿಕೊಂಡು ಕೂತಿದ್ದೀರಲ್ಲ, ನಾಚಿಕೆ ಆಗೋದಿಲ್ವಾ ನಿಮಗೆ?"

ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಮಾತು ನನ್ನ ಕಿವಿಗೇ ಬಂದು ಬಿತ್ತು. ಕಾರ್ಡನ್ನು ಮೇಜಿನಿಂದ ಎತ್ತಿಕೊಂಡೆ. ಗುಮಾಸ್ತ ಅದನ್ನು ಸಭ್ಯತೆ ಎಂದುಕೊಂಡಿರಬೇಕು, ಮೆತ್ತಗಾಗಿ, "ಸರ್ಕಾರಿ ಆಸ್ಪತ್ರ್ಯಾಗ ವಯಸ್ಸಿನ ಸರ್ಟಿಫಿಕೇಟು ಮಾಡಿಸ್ರಿ ಅಕ್ಕಾರ. ತಂದ್ರ ಮಾಡಿಕೊಡ್ತೀವಿ" ಎಂದ.

ಹೊರಗೆ ಬೇವಿನ ಮರದ ಕೆಳಗೆ ದೊಡ್ಡವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಚಲೋ ಬೈದಿ ಬಿಡು" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಎಲುಬು ನೋಡಿ ಸತ್ತವರ ವಯಸ್ಸು ಹೇಳುವುದನ್ನು ನಾನು ವರ್ಷವರ್ಷ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಬದುಕಿದ್ದ ದೊಡ್ಡವ್ವ ತನ್ನ ಬಾಯಿಂದಲೇ ಹೇಳಿದ್ದನ್ನು ಬಿಟ್ಟು ಕಾರ್ಡನ್ನು ನಂಬಿದವಳು ನಾನು. ಯಂತ್ರ ಅವಳ ನಿಜವಾದ ವಯಸ್ಸನ್ನೇ ಹೇಳಿತ್ತು. ನಾನು ಅದಕ್ಕೆ ಸವೆತ ಎಂದು ಹೆಸರಿಟ್ಟು ಚಪ್ಪಾಳೆ ತಗೊಂಡಿದ್ದೆ. ಯಾವ ಸುಳ್ಳು ಅವಳಿಗೆ ಮೂರು ಸಲ ಅರ್ಜಿ ವಾಪಸ್ ಕಳಿಸಿತ್ತೋ, ಅದೇ ಸುಳ್ಳಿನ ಮೇಲೆ ನನ್ನ ಪಿಎಚ್.ಡಿ. ನಿಂತಿತ್ತು.

ಅಲ್ಲೇ ಅವಳಿಗೆ ಹೇಳಿದೆ. ಡಿಎನ್‌ಎ, ಮೀಥೈಲ್ ಅವಳಿಗೆ ಬೇಕಿರಲಿಲ್ಲ. "ನಿನ್ನ ವಯಸ್ಸು ಸುಳ್ಳು ಬರ್ದು ಹೆಸರು ತಗೊಂಡೀನಿ ದೊಡ್ಡವ್ವ" ಎಂದೆ.

ಅವಳು ಅಡಿಕೆಯನ್ನು ಒಂದು ದವಡೆಗೆ ಸರಿಸಿದಳು. "ನಾ ಅವತ್ತಾ ಹೇಳಿದ್ನಲ್ಲ."

"ಹೇಳಿದ್ದಿ."

"ಮತ್ತ ಯಾಕ ಬರೀಲಿಲ್ಲ?"

"ನಮ್ಮವ್ರಿಗೆ ವಯಸ್ಸು ಗೊತ್ತಿಲ್ಲ ಅಂತ ಹೇಳಾಕ ನಾಚಿಕಿ ಆತು."

"ವಯಸ್ಸು ಗೊತ್ತಿಲ್ಲ, ಖರೇ. ಆದ್ರ ಯಾರು ಯಾರಿಗೆ ಅಕ್ಕ ಅನ್ನಾದು ಊರಿಗೇ ಗೊತ್ತೈತಿ. ಅದನ್ನ ಕೇಳಿದ್ದೇನು ನೀನು?" ಎಂದಳು. ಇಷ್ಟು ಹೇಳಿ ಬಸ್ಸಿಗೆ ಎದ್ದಳು. ಬಸ್ಸಿನಲ್ಲಿ ಊರು ಬರುವವರೆಗೆ ನನ್ನೊಡನೆ ಮಾತಾಡಲಿಲ್ಲ.

ಸುಮ್ಮನಿದ್ದಿದ್ದರೆ ಪ್ರಬಂಧ ದಾಟಿಹೋಗುತ್ತಿತ್ತು. ಪರೀಕ್ಷಕರು ಯಾರೂ ತಂಬ್ರಹಳ್ಳಿಗೆ ಬಂದು ಕೇಳುವವರಲ್ಲ. ಮೂರು ದಿನ ಆ ಲೆಕ್ಕವನ್ನೂ ಹಾಕಿದೆ, ಅದನ್ನೂ ಬರೆಯಬೇಕು. ನಾಲ್ಕನೆಯ ದಿನ ರೈಲು ಹತ್ತಿ ಮಾರ್ಗದರ್ಶಕಿಯ ಮುಂದೆ ಹೋಗಿ ಕೂತೆ. ಕಾರ್ಡಿನ ಕಥೆ ಹೇಳಿದೆ. ಮೇಲಿನ ಚುಕ್ಕೆ ನನ್ನ ದೊಡ್ಡವ್ವ ಎಂದೆ.

"ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಮೊದಲ ದಿನದಿಂದ ಗೊತ್ತಿತ್ತು, ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗೊತ್ತಿರಲಿಲ್ಲ ಅಂದಿದ್ರೆ ಇದನ್ನ ತಪ್ಪು ಅನ್ನಬಹುದಿತ್ತು. ಗೊತ್ತಿತ್ತು ಅಂತೀರಿ." ಮುಂದಿನ ಪದವನ್ನು ಅವರು ಹೇಳಲಿಲ್ಲ. ಆ ಹೇಳದ ಪದ ಇವತ್ತಿಗೂ ನನ್ನ ಬೆನ್ನ ಹಿಂದೆ ಇದೆ.

ಬಿಟ್ಟುಬಿಡಿ ಎನ್ನಲೂ ಇಲ್ಲ ಅವರು. ವಯಸ್ಸನ್ನು ಹೊಸದಾಗಿ ಕಂಡುಹಿಡಿಯಬೇಕು ಎಂದರು. ಷರತ್ತೊಂದು: ನಾನು ರಕ್ತದ ಫಲಿತಾಂಶ ನೋಡಿಬಿಟ್ಟಿದ್ದೇನೆ, ಆದ್ದರಿಂದ ಕೇಳುವಾಗ ನಾನು ಬಾಯಿ ತೆರೆಯುವಂತಿಲ್ಲ. ಫಲಿತಾಂಶ ಗೊತ್ತಿಲ್ಲದವರು ಕೇಳಬೇಕು, ಬರೆಯಬೇಕು. ದೊಡ್ಡವ್ವನ ಮಾತನ್ನು ಅವರಿಗೆ ಹೇಳಿದೆ. ಅವರು ಅದನ್ನು ಎರಡು ಸಲ ಹೇಳಿಸಿ ಬರೆದುಕೊಂಡರು.

ಮತ್ತೆ ಅದೇ ಶಾಲೆಯ ಜಗುಲಿ. ನಾನು ಮೂಲೆಯ ಮೆಟ್ಟಿಲ ಮೇಲೆ ಕೂತೆ. ಫಲಿತಾಂಶ ಕಂಡಿರದ ಟೆಕ್ನಿಷಿಯನ್ ನಿಂತು ಹೇಳಿದ: "ಅಮ್ಮಾರ, ವಯಸ್ಸು ಬ್ಯಾಡ್ರಿ. ದೊಡ್ಡಾಕಿ ಈ ಕಡಿಗೆ, ಸಣ್ಣಾಕಿ ಆ ಕಡಿಗೆ. ಹುಟ್ಟಿದ ಸರತಿ ಮ್ಯಾಲೆ ಸಾಲಾಗಿ ಕುಂದರ್ರಿ."

ಒಂದು ಗಳಿಗೆ ಗಲಾಟೆಯೇ ಗಲಾಟೆ.

"ಸರಕೊಳ್ಳೇ, ನನಗ ಅಕ್ಕ ಅಂತೀ, ನನ್ನ ಮುಂದ ಬಂದು ಕುಂತೀಯಲ್ಲ?"

"ಅಕ್ಕ ಅಂದಿದ್ದು ನಿನ್ನ ಗಂಡನ ಮರ್ಯಾದಿಗೆ. ನನ್ನ ಹಾಲಹಲ್ಲು ಬಿದ್ದಾಗ ನೀ ಇನ್ನಾ ತೊಟ್ಟಿಲದಾಗ ಇದ್ದಿ."

"ಆಕಿ ದೊಡ್ಡಾಕಿ ಆದಾಗ ಆರತಿ ತಾಟು ಹಿಡ್ದಾಕಿ ನಾನು. ಕೇಳು ಬೇಕಾರ!"

ಜಗಳ ಮುಗಿದಾಗ ಸಾಲು ಸಿದ್ಧವಾಗಿತ್ತು. ಯಾರೂ ಅದನ್ನು ಮತ್ತೆ ಅಲುಗಿಸಲಿಲ್ಲ. ಆಮೇಲೆ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಮೊಳೆ ಹೊಡೆದ ಹಾಗೆ ವರ್ಷ ಗೊತ್ತುಮಾಡಿದರು. ಒಬ್ಬಳ ಚೊಚ್ಚಲ ಹೆರಿಗೆ ಆಸ್ಪತ್ರೆಯಲ್ಲಿ ಆಗಿತ್ತು, ಚೀಟಿ ಇತ್ತು. ಒಬ್ಬಳ ಅವಳಿ ತಮ್ಮ ಶಾಲೆಗೆ ಹೋಗಿದ್ದ, ಅಲ್ಲಿನ ದಾಖಲೆಯಲ್ಲಿ ಹುಟ್ಟಿದ ವರ್ಷ ಇತ್ತು. ದೊಡ್ಡವ್ವ ಮಾಲವಿ ಡ್ಯಾಂ ಕಟ್ಟಿದ ಕಾಲ ಹೇಳಿದಳು. "ನಮ್ಮವ್ವ ಅಲ್ಲಿ ಮಣ್ಣು ಹೊರ್ತಿದ್ಲು. ನಾ ದಂಡಿ ಮ್ಯಾಲೆ ಕುಂತು ಇವ್ರವ್ವನ್ನ ಕಾಯ್ತಿದ್ದೆ, ನೀರಿಗೆ ಬಿದ್ದಾಳಂತ. ನಂದು ಮುಂದಿನ ಹಲ್ಲು ಆಗ್ಲೇ ಗಟ್ಟಿ ಬಂದಿದ್ವು." ಮೊಳೆಗಳ ನಡುವೆ ಕೂತವರ ವಯಸ್ಸು ತಾನಾಗಿ ಸಿಕ್ಕಿತು. ಸಂದೇಹ ಇದ್ದಲ್ಲಿ ಇಷ್ಟರಿಂದ ಇಷ್ಟರೊಳಗೆ ಎಂದು ಬರೆದರು.

ದೊಡ್ಡವ್ವ ನನ್ನತ್ತ ತಿರುಗಿ ಜೋರಾಗಿ ಕೇಳಿದಳು: "ನೀ ಯಾಕ ಮೂಲ್ಯಾಗ ಕುಂತೀ? ಮುಟ್ಟಾಗೀಯೇನು?"

"ತಪ್ಪು ಮಾಡೀನಿ, ಅದಕ್ಕ" ಎಂದೆ. ಹೆಂಗಸರೆಲ್ಲ ನಕ್ಕರು. ದೊಡ್ಡವ್ವ ನಗಲಿಲ್ಲ, ಆದರೆ ಬಸ್ಸಿನ ದಿನದ ನಂತರ ಅದೇ ಅವಳು ನನ್ನೊಡನೆ ಆಡಿದ ಮೊದಲ ಮಾತು.

ಬಾಗಳಿಯಲ್ಲಿ, ಕೂಡ್ಲಿಗಿಯ ಊರುಗಳಲ್ಲಿ ಹೀಗೆಯೇ ಸಾಲು ಕೂರಿಸಿದರು. ಎಂಟು ತಿಂಗಳು ಹಿಡಿಯಿತು. ಹೊಸ ವಯಸ್ಸು ಹಾಕಿ ಚುಕ್ಕೆಗಳನ್ನು ಮತ್ತೆ ಇಟ್ಟಾಗ, ಹಾರಿದ್ದವೆಲ್ಲ ಒಂದೊಂದಾಗಿ ಗೆರೆಯ ಹತ್ತಿರಕ್ಕೆ ಇಳಿದು ಕೂತವು. ತಂಬ್ರಹಳ್ಳಿಯ ಒಂದನೇ ನಳಿಕೆ ಗೆರೆಯ ಮೇಲೆಯೇ ಇತ್ತು. ಎರಡು ಗುಂಪುಗಳ ನಡುವೆ ಉಳಿದ ವ್ಯತ್ಯಾಸ ಅಷ್ಟು ಸಣ್ಣದು, ಅದು ಇದೆ ಎಂದೂ ಇಲ್ಲ ಎಂದೂ ಒತ್ತಿ ಹೇಳುವಂತಿರಲಿಲ್ಲ. ಹಾಗೆಯೇ ಬರೆದೆ. ಕಾರ್ಡಿನ ವಯಸ್ಸು ಹಾಕಿದಾಗ ಏನು ಬಂದಿತ್ತು, ಸಾಲಿನ ವಯಸ್ಸು ಹಾಕಿದಾಗ ಏನು ಬಂತು ಎಂಬ ಅಧ್ಯಾಯವೇ ಪ್ರಬಂಧದ ಮುಖ್ಯ ಅಧ್ಯಾಯವಾಯಿತು. ಕಾರ್ಡು ಸುಳ್ಳೆಂದು ಸಂಶೋಧಕಿಗೆ ಮೊದಲೇ ತಿಳಿದಿತ್ತು ಎಂಬ ವಾಕ್ಯವನ್ನೂ ಸೇರಿಸಿದೆ. ಮಾರ್ಗದರ್ಶಕಿ ಅದನ್ನು ತಿದ್ದಲಿಲ್ಲ, ತೆಗೆಯಲೂ ಇಲ್ಲ.

ವಿಭಾಗದಲ್ಲಿ ಮತ್ತೆ ನಿಂತು ಹೇಳಬೇಕಾಯಿತು. ಮೊದಲು ತೋರಿಸಿದ್ದನ್ನು ವಾಪಸ್ ಪಡೆಯುತ್ತಿದ್ದೇನೆ ಎಂದಾಗ ಮುಖ್ಯಸ್ಥರು ಕಿಟಕಿಯ ಕಡೆ ನೋಡುತ್ತಿದ್ದರು. ಕೊನೆಗೆ, "ಹಾಗಾದ್ರೆ ನಾನು ವಾಪಸ್ ತಗೊಂಡ ಮಾತನ್ನ ಏನು ಮಾಡ್ಲಿ?" ಎಂದರು. ಯಾರೋ ಹಿಂದೆ ಕಿಸಕ್ಕೆಂದರು. ನಾನು ತಲೆ ತಗ್ಗಿಸಿ ಕಾಗದ ಜೋಡಿಸಿಕೊಂಡೆ. ಅದಕ್ಕೆ ನಾನು ಅರ್ಹಳೇ ಆಗಿದ್ದೆ.

ಈ ನಡುವೆ ದೊಡ್ಡವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಯಸ್ಸಿನ ಸರ್ಟಿಫಿಕೇಟು ಮಾಡಿಸಿದೆ. ವೇತನ ಶುರುವಾಯಿತು. ಅದನ್ನು ನನ್ನ ಪುಣ್ಯದ ಕೆಲಸ ಎಂದು ಬರೆದುಕೊಳ್ಳಲಾರೆ. ಮೊದಲ ದಿನ ಅವಳು ನಕ್ಕು ಹೇಳಿದಾಗಲೇ ಕಾರ್ಡು ತಿದ್ದಿಸಿದ್ದರೆ ಮೂರು ಸಲ ಅವಳು ಆ ಕಚೇರಿಯ ಮೆಟ್ಟಿಲು ಇಳಿಯಬೇಕಿರಲಿಲ್ಲ.

ಮೌಖಿಕ ಪರೀಕ್ಷೆ ಆಯಿತು. ಘಟಿಕೋತ್ಸವಕ್ಕೆ ನಾನು ಹೋಗಲಿಲ್ಲ. ಆಮೇಲೆ ಒಂದು ದಿನ ವಿಶ್ವವಿದ್ಯಾಲಯದ ಕಿಟಕಿಯಲ್ಲಿ ಸಹಿ ಹಾಕಿ ಸರ್ಟಿಫಿಕೇಟು ತಗೊಂಡು, ಅಲ್ಲಿಂದ ನೇರ ತಂಬ್ರಹಳ್ಳಿಗೆ ಹೋದೆ. ದೊಡ್ಡವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಕೈಗೆ ಕೊಟ್ಟೆ.

ಓದು ಬಾರದವಳು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಇದು ನಿನ್ನ ಹೆಸರೇನು?"

"ಹೂಂ."

"ವಯಸ್ಸು ಎಲ್ಲಿ ಬರ್ದಾರ?"

"ಇದ್ರಾಗ ವಯಸ್ಸು ಬರಿಯಂಗಿಲ್ಲ ದೊಡ್ಡವ್ವ."

"ಚಲೋ ಆತು ಬಿಡು" ಎಂದು ಕಾಗದವನ್ನು ನನ್ನ ಕೈಗೇ ವಾಪಸ್ ಇಟ್ಟಳು. "ಬರ್ದಿದ್ರ ಸುಳ್ಳಾ ಬರಿತಿದ್ರಿ."